ಇಪ್ಪತ್ತೈದು ಪ್ರತಿ, ಒಂದು ತುತ್ತು

ಫೆಬ್ರವರಿಯ ಕೊನೆಯ ಬುಧವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ನಾನು ಲೇಖಕಿಯಾದೆ. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಕಂಡಕ್ಟರು ಪಾರ್ಸೆಲ್ ಚೀಟಿಗೆ ನನ್ನ ಸಹಿ ಹಾಕಿಸಿಕೊಳ್ಳುತ್ತಿದ್ದಾಗ ನಾನೂ ಡೈರಿ ತೆಗೆದು ಬರೆದುಕೊಂಡೆ. ಅವರು ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು.

"ಏನೈತ್ರಿ ಮೇಡಮ್ ಇದರಾಗ, ಕಲ್ಲೇನ್ರಿ?"

"ಪುಸ್ತಕ ರೀ. ನಾನ ಬರದದ್ದು."

"ಗೈಡ್ ಏನ್ರಿ?"

"ಅಲ್ರಿ, ಕಾದಂಬರಿ. ಪ್ರೀತಿ ಕತಿ. ರಗತ ಕುಡಿಯೋ ದೆವ್ವಿಂದು."

ಅವರು ಒಮ್ಮೆ ನನ್ನನ್ನು, ಒಮ್ಮೆ ಕಟ್ಟನ್ನು ನೋಡಿ, ಸೀಟಿ ಊದಿದರು. ಬಸ್ಸು ಹೊರಟುಹೋಯಿತು. ನಾನು ಕಟ್ಟನ್ನು ಎತ್ತಿಕೊಂಡು ಬಂದು ಲ್ಯಾಬಿನ ಫ್ರಿಜ್ಜಿನ ಪಕ್ಕ ಇಟ್ಟು ಎಣಿಸಿದೆ. ಇಪ್ಪತ್ತೈದು ಪ್ರತಿ. ಲೇಖಕರ ಪಾಲು. ಉಳಿದವನ್ನು ಪ್ರಕಾಶಕರು ತಾವೇ ಮಾರಿಕೊಳ್ಳುತ್ತಾರೆ, ಅವುಗಳ ಚಿಂತೆ ನನಗಿಲ್ಲ. ಈ ಇಪ್ಪತ್ತೈದು ಮಾತ್ರ ನನ್ನ ಕೈಯಿಂದ ಹೋಗಬೇಕಾದವು.

ಲ್ಯಾಬು ಅಂದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ಸಣ್ಣ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ನಾನು ಜನರ ರಕ್ತ ತೆಗೆಯುತ್ತೇನೆ. ವಾರವೆಲ್ಲ ಸಿಂದಗಿಯಲ್ಲಿ ಒಂದು ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನ ಇಂಡಿ ಬಸ್ಸು ಹಿಡಿದು ಅಲ್ಲಿಂದ ಅಗರಖೇಡದ ನಮ್ಮ ಮನೆಗೆ ಹೋಗುತ್ತೇನೆ. ಲ್ಯಾಬಿನಲ್ಲಿ ಪ್ರತಿ ಟ್ಯೂಬಿನ ಮೇಲೂ ಹೆಸರು, ತಾರೀಖು, ಹೊತ್ತು ಬರೆಯಲೇಬೇಕು. ಚೀಟಿ ಇಲ್ಲದ ರಕ್ತ ಯಾರದ್ದೂ ಅಲ್ಲ. ಆ ರೂಢಿಯೇ ಕೈಗೆ ಅಂಟಿ ಡೈರಿಗೂ ಬಂತು. ಯಾವ ದಿನ ಎಷ್ಟು ಜನರಿಗೆ ಚುಚ್ಚಿದೆ, ಎಷ್ಟು ಜನ ಮುಖ ತಿರುಗಿಸಿದರು, ಎಷ್ಟು ಜನ ತಮ್ಮ ರಕ್ತವನ್ನು ತಾವೇ ನೋಡಿದರು, ಎಲ್ಲ ಬರೆದಿಟ್ಟಿದ್ದೇನೆ. ನೋಡುವವರು ಹತ್ತರಲ್ಲಿ ಒಬ್ಬರೂ ಇಲ್ಲ.

ಕತೆ ಹುಟ್ಟಿದ್ದು ಅಲ್ಲಿಯೇ. ಎಲ್ಲರೂ ಮುಖ ತಿರುಗಿಸುವಾಗ ಒಬ್ಬ ಮಾತ್ರ ಕಣ್ಣು ಕೀಳದೆ ನೋಡಿದರೆ? ಅವನಿಗೆ ಅದು ಬೇಕೇ ಬೇಕು, ಆದರೂ ಕೈ ಕಟ್ಟಿಕೊಂಡು ಕೂತಿದ್ದಾನೆ ಅಂದರೆ? ಸುಮ್ಮನೆ ಕೂತಿರುವ ಅಂಥವನ ಮೇಲೆ ನನಗೇ ಮನಸ್ಸಾಯಿತು. ಬರೆಯತೊಡಗಿದೆ. ಹದಿನಾಲ್ಕು ತಿಂಗಳು, ಆರು ನೋಟ್‌ಬುಕ್ಕು. ಮೊದಲು ಮೊಬೈಲಿನ ಒಂದು ಓದುವ ಆ್ಯಪಿನಲ್ಲಿ ವಾರಕ್ಕೊಂದು ಅಧ್ಯಾಯ ಹಾಕಿದೆ. ಅದನ್ನು ಓದಿದ ಪ್ರಕಾಶಕರು ಪುಸ್ತಕ ಮಾಡೋಣ ಅಂದರು.

ನನ್ನ ನಾಯಕ ಆದಿಲಶಾಹಿ ಕಾಲದ ಕುದುರೆ ಸವಾರ. ಭೀಮಾ ನದಿಯ ದಂಡೆಯ ಒಂದು ಹಾಳು ಹುಡೇವಿನಲ್ಲಿ ಮುನ್ನೂರು ವರ್ಷದಿಂದ ಒಬ್ಬನೇ ಇದ್ದಾನೆ. ಹುಡೇವು ಅಂದರೆ ಹಿಂದಿನವರು ದಂಡು ಬರುವುದನ್ನು ಕಾಯಲು ಊರ ಅಂಚಿಗೆ ಕಟ್ಟಿದ ಗುಂಡನೆಯ ಗೋಪುರ. ಬೇರೆ ದೇಶದ ವ್ಯಾಂಪೈರುಗಳಿಗೆ ಕೋಟೆ, ಮಂಜು, ಕಾಡು ಎಲ್ಲ ಇರುತ್ತವೆ. ನಮ್ಮಲ್ಲಿ ಏಪ್ರಿಲಿನ ಬಿಸಿಲಿಗೆ ಬದುಕಿದ ಮನುಷ್ಯರೇ ಸುಟ್ಟು ಹೋಗುತ್ತಾರೆ, ಇನ್ನು ಅವನ ಪಾಡು ಕೇಳಬೇಕೆ? ನಾಯಕಿ ಕನ್ನಡ ಸಾಲಿಯ ಟೀಚರು. ಲ್ಯಾಬಿನವಳು ಅಂತ ಬರೆದರೆ ಸಿಂದಗಿಯಲ್ಲಿ ನನಗೆ ಯಾರೂ ತೋಳು ಚಾಚುವುದಿಲ್ಲ ಎಂಬ ಭಯಕ್ಕೆ ಟೀಚರ್ ಮಾಡಿದೆ. ಇಡೀ ಪುಸ್ತಕದಲ್ಲಿ ಅವನು ಅವಳ ಕುತ್ತಿಗೆಯನ್ನು ಹದಿನೇಳು ಸಲ ನೋಡುತ್ತಾನೆ. ರಕ್ತ ಕುಡಿಯುವುದು ಸೊನ್ನೆ ಸಲ. ಈ ಲೆಕ್ಕದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಲ್ಯಾಬು ನಡೆಸುವ ಡಾಕ್ಟರು ಪುಸ್ತಕ ತಿರುಗಿಸಿ ನೋಡಿ ಒಂದೇ ಮಾತು ಹೇಳಿದರು. "ಹಿಂದ ಫೋಟೋ ಹಾಕ್ಯಾರಲ್ರಿ. ಪೇಷಂಟ್ ಮಂದಿ ಗುರತ ಹಿಡದ್ರ ಏನ್ ಮಾಡ್ತೀರಿ?" ಆಮೇಲೆ ತಮ್ಮ ಪ್ರತಿಯನ್ನು ಮೇಜಿನ ಡ್ರಾವರಿನಲ್ಲಿ ಇಟ್ಟುಕೊಂಡರು. ನನಗೆ ತಿಳಿದ ಮಟ್ಟಿಗೆ ಅದು ಇನ್ನೂ ಅಲ್ಲಿಯೇ ಇದೆ.

ಜನ ಗುರುತು ಹಿಡಿದರು. ಆದರೆ ಓಡಿಹೋಗಲಿಲ್ಲ. "ಮೇಡಮ್, ಎಲ್ಲಾ ತಗೀಬ್ಯಾಡ್ರಿ, ನಮಗೂ ಒಂದೀಟ ಬಿಡ್ರಿ," ಅನ್ನುವವರು ದಿನಕ್ಕೆ ಇಬ್ಬರಾದರೂ ಸಿಕ್ಕರು. ಮೋರಟಗಿಯ ಹಿರಿಯರೊಬ್ಬರು ಟ್ಯೂಬು ತುಂಬುವುದನ್ನೇ ನೋಡುತ್ತ, "ನನ್ನದು ಶುಗರ್ ರಗತ. ಕುಡದ್ರ ನಿಮ್ಮ ಹುಡುಗನಿಗೂ ಶುಗರ್ ಬರ್ತೈತಿ," ಅಂದರು. ತಮ್ಮ ರಕ್ತವನ್ನು ತಾವೇ ನೋಡುವವರು ಒಂದೇ ವಾರದಲ್ಲಿ ಹತ್ತರಲ್ಲಿ ಇಬ್ಬರಾದರು.

ಅಗರಖೇಡದಲ್ಲಿ ಅವ್ವ ಪುಸ್ತಕವನ್ನು ಮೊದಲು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದಳು. ಮುಖಪುಟದ ಮೇಲಿದ್ದ ಹುಡುಗನ ಹಣೆಗೇ ಸರಿಯಾಗಿ ಮೂರು ಗೆರೆ ಬಿದ್ದವು. ಅವ್ವ ಏಳನೇ ತರಗತಿವರೆಗೆ ಕಲಿತವಳು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತಾಳೆ, ಒಂದಕ್ಷರ ಬಿಡುವುದಿಲ್ಲ.

"ಮದಿವಿ ಆಗ್ತಾನೋ ಇಲ್ಲೋ ಇಂವಾ?" ಓದುವ ಮೊದಲೇ ಕೇಳಿದಳು.

"ನೀನ ಓದಿ ನೋಡವ್ವ."

"ಯಾವ ಮಂದಿ ಅದಾನ?"

"ಸತ್ತ ಮಂದಿ."

"ಥೂ ನಿನ್ನ. ಛಲೋ ಹುಡುಗ್ರು ಸಿಗಲಿಲ್ಲೇನ ನಿನಗ, ಬರಿಯೂದರಾಗರ?"

ಒಂಬತ್ತನೇ ಅಧ್ಯಾಯಕ್ಕೆ ಬಂದ ದಿನ ಅಡುಗೆಮನೆಯಿಂದಲೇ ಕೂಗಿದಳು. "ಏ ಹುಡುಗಿ! ದೆವ್ವ ಹೋಗಿ ಲಿಂಬಿ ತ್ವಾಟದಾಗ ಅಡಗತೈತಿ ಅಂತ ಬರದೀಯಲ್ಲ, ತಲಿ ಐತೇನ ನಿನಗ?"

ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಅವ್ವ ಹೇಳಿದ್ದು ನೂರಕ್ಕೆ ನೂರು ಸರಿ. ಹೊಸ ಗಾಡಿಯ ಮುಂದೆ, ಅಂಗಡಿಯ ಬಾಗಿಲಿಗೆ, ಕೂಸಿನ ತೊಟ್ಟಿಲಿಗೆ, ಎಲ್ಲಕ್ಕೂ ದೆವ್ವ ಪೀಡೆ ತಾಗಬಾರದು ಅಂತ ಜನ ಕಟ್ಟುವುದು ಲಿಂಬೆಹಣ್ಣನ್ನೇ. ಬೇರೆ ದೇಶದವಕ್ಕೆ ಬೆಳ್ಳುಳ್ಳಿ ಆಗದು ಅಂತ ಓದಿಕೊಂಡಿದ್ದ ನಾನು, ಇಡೀ ಪುಸ್ತಕದಲ್ಲಿ ಎಲ್ಲಿಯೂ ಅವನ ಹತ್ತಿರ ಬೆಳ್ಳುಳ್ಳಿ ಸುಳಿಯದಂತೆ ಕಾದಿದ್ದೆ. ಮೂರು ಸಲ ತಿದ್ದುವಾಗಲೂ ಬೆಳ್ಳುಳ್ಳಿಯನ್ನೇ ಹುಡುಕಿದೆ. ಅಷ್ಟೆಲ್ಲ ಮಾಡಿ, ಪೊಲೀಸರು ಬೆನ್ನು ಹತ್ತಿದಾಗ ಅವನನ್ನು ಒಯ್ದು ನಾಲ್ಕು ಎಕರೆ ಲಿಂಬೆ ತೋಟದ ನಟ್ಟನಡುವೆ ಕೂರಿಸಿದ್ದೆ! ಇಂಡಿ ಸೀಮೆಯಲ್ಲಿ ಹುಟ್ಟಿದವರೇ ಮಾಡುವ ತಪ್ಪಿದು. ನಮಗೆ ಲಿಂಬೆ ಅಂದರೆ ಬೆಳೆ, ಚೀಲ, ಮಾರ್ಕೆಟ್ಟಿಗೆ ಹೋಗುವ ಟಂಟಂ ಗಾಡಿ. ಮುಳ್ಳು ಚುಚ್ಚಿದ ಕೈ. ಅದು ಮಂತ್ರದ ಹಣ್ಣೂ ಹೌದು ಅನ್ನುವುದು ಮರೆತೇಹೋಗಿರುತ್ತದೆ.

ಅಂದಿನಿಂದ ಡೈರಿಯ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಶುರುವಾಯಿತು: ಲಿಂಬೆ ಕೇಳಿದವರು. ಮೊದಲ ಗೆರೆ ಅವ್ವನದು. ಮಾರ್ಚಿನ ಎರಡನೇ ಶುಕ್ರವಾರ ಬಸವನ ಬಾಗೇವಾಡಿಯ ಒಂದು ಕಾಲೇಜಿನವರು ಹೊಸ ಲೇಖಕಿ ಅಂತ ಮಾತಿಗೆ ಕರೆದಿದ್ದರು. ಇಪ್ಪತ್ತು ನಿಮಿಷದ ಭಾಷಣ ಬರೆದುಕೊಂಡು ಹೋಗಿದ್ದೆ. ಪ್ರೀತಿ, ಸಂಯಮ, ಒಂಟಿತನ ಎಲ್ಲ ಅದರಲ್ಲಿತ್ತು. ಪ್ರಶ್ನೆ ಕೇಳಿ ಅಂದದ್ದೇ ತಡ, ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. "ಮೇಡಮ್, ಲಿಂಬಿ ತ್ವಾಟದಾಗ ಹೆಂಗ ಹೊಕ್ಕ ಅಂವಾ?" ಸಭೆ ಇಡೀ ನಕ್ಕಿತು. ಅಲ್ಲಿ ನಾಲ್ಕು ಪ್ರತಿ ಕೊಟ್ಟು, ಪಟ್ಟಿಗೆ ಐದು ಗೆರೆ ಹಾಕಿಕೊಂಡು ಬಂದೆ.

ಮುದ್ದೇಬಿಹಾಳದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಪುಸ್ತಕದ ಅಂಗಡಿಗೆ ಆರು ಪ್ರತಿ ಕೊಟ್ಟಿದ್ದೆ. ಮುಂದಿನ ಭಾನುವಾರ ಹೋಗಿ ನೋಡಿದರೆ ಕಾದಂಬರಿಗಳ ಸಾಲಿನಲ್ಲಿ ನನ್ನದಿಲ್ಲ. ಮುಖಪುಟದ ಮೇಲೆ ಒಂದು ಹನಿ ರಕ್ತ ಇದೆಯಲ್ಲ, ಅಂಗಡಿಯವರು ಅದನ್ನು ಆರೋಗ್ಯದ ಪುಸ್ತಕಗಳಲ್ಲಿ, ಬಿಪಿಗೂ ಶುಗರಿಗೂ ನಡುವೆ ಇಟ್ಟಿದ್ದರು.

"ಇದು ಕಾದಂಬರಿ ರೀ," ಅಂದೆ.

"ಇರವಲ್ದ್ಯಾಕ ತಗೀರಿ. ಅಲ್ಲೇ ಮೂರ ಹ್ವಾದ್ವು. ಕಾದಂಬರಿ ಸಾಲಿನಾಗ ಇಟ್ಟಿದ್ರ ಒಂದೂ ಹೋಗ್ತಿದ್ದಿಲ್ಲ."

ಆ ಮೂರನ್ನು ಕೊಂಡವರು ಯಾರೋ, ಓದಿ ಏನು ಪಥ್ಯ ಮಾಡುತ್ತಿದ್ದಾರೋ ನನಗೆ ಗೊತ್ತಿಲ್ಲ. ಆದರೂ ಇಷ್ಟರಮಟ್ಟಿಗೆ ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಒಂದೇ ಒಂದು ಕಡೆ ಬಿಟ್ಟು.

ಕನ್ನೊಳ್ಳಿಯ ಆಯಿ ಬರುವುದನ್ನು ನಿಲ್ಲಿಸಿದ್ದರು.

ಈ ಆಯಿಗೆ ಎಪ್ಪತ್ತೆರಡು ವರ್ಷ, ಶುಗರ್ ಇದೆ. ಹೋದ ವರ್ಷ ಕಾಲಿನ ಹೆಬ್ಬೆರಳಿಗೆ ಗಾಯವಾಗಿ ಬೆರಳೇ ಹೋಗುವ ಹೊತ್ತಿಗೆ ಹೇಗೋ ಮಾಯಿತು. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಉಂಡು ಎರಡು ತಾಸಿನ ಮೇಲೆ ಇನ್ನೊಂದು ಸಲ ರಕ್ತ ಕೊಡಬೇಕು. ಆ ಅಂಕಿ ನೋಡಿಯೇ ಡಾಕ್ಟರು ಗುಳಿಗೆ ಹೆಚ್ಚು ಕಡಿಮೆ ಮಾಡುವುದು. ಆಯಿಯ ಎಡಗೈಯಲ್ಲಿ ನರ ಸಿಗುವುದೇ ಇಲ್ಲ. ಬಲಗೈಯಲ್ಲಿ ಒಂದಿದೆ, ದಾರದಷ್ಟು. ಮೊದಲು ಬೇರೆ ಕಡೆ ಮೂರು ಮೂರು ಸಲ ಚುಚ್ಚಿಸಿಕೊಂಡು ಅತ್ತು ಬಂದವರು, ನನ್ನ ಕೈಗೆ ಬಂದಮೇಲೆ ಬೇರೆಯವರಿಗೆ ತೋಳು ಕೊಟ್ಟಿಲ್ಲ. ನಲವತ್ತೊಂದು ಸೋಮವಾರ, ಎಂಬತ್ತೆರಡು ಸಲ. ಎಂಬತ್ತೆರಡೂ ಒಂದೇ ಏಟಿಗೆ. ಡೈರಿಯಲ್ಲಿ ಇಷ್ಟು ಸ್ವಚ್ಛವಾದ ಪಟ್ಟಿ ಇನ್ನೊಂದಿಲ್ಲ.

ಆಯಿಯ ಮೊಮ್ಮಗಳು ಸಿಂದಗಿಯಲ್ಲಿ ಡಿಗ್ರಿ ಓದುತ್ತಾಳೆ. ಪುಸ್ತಕ ಬಂದ ಮರುದಿನವೇ ಖುಷಿಯಲ್ಲಿ ಅವಳನ್ನು ಕರೆದು ಒಂದು ಪ್ರತಿ ಕೊಟ್ಟಿದ್ದೆ. ಮಾರ್ಚಿನ ಮೊದಲ ಸೋಮವಾರ ಆಯಿ ಬರಲಿಲ್ಲ. ಯಾವುದೋ ಮದುವೆ ಇರಬೇಕು ಅಂದುಕೊಂಡೆ. ಏಪ್ರಿಲಿನಲ್ಲೂ ಬರಲಿಲ್ಲ. ಗುಳಿಗೆ ಒಯ್ಯಲು ಬಂದ ಮಗನನ್ನು ಕೇಳಿದೆ.

"ಒಲ್ಲೆ ಅಂತಾಳ್ರಿ," ಅಂದರು ಅವರು, ನನ್ನ ಮುಖ ನೋಡದೆ. "ನನ್ನ ಮಗಳ ಕಡಿಂದ ನಿಮ್ಮ ಪುಸ್ತಕ ಓದಿಸಿಕೊಂಡಾಗಿಂದ. ಆಕಿ ಕೈಲೆ ನಾ ರಗತ ತಗಿಸಿಕೊಳ್ಳೂದಿಲ್ಲ ಅಂತ ಕುಂತಾಳ್ರಿ. ಬ್ಯಾರೆ ಕಡೆ ಹೋಗೂಣು ಅಂದ್ರ ಅದೂ ಒಲ್ಲೆ."

"ಕಾಲು ಹೆಂಗೈತ್ರಿ?"

"ಬೆರಳ ತುದಿ ಮತ್ತ ಕೆಂಪಗ ಆಗೇತ್ರಿ."

ಪುಸ್ತಕ ಬರೆಯುವಾಗ ಎಲ್ಲ ಲೆಕ್ಕ ಹಾಕಿದ್ದೆ, ಇದೊಂದನ್ನು ಹಾಕಿರಲಿಲ್ಲ. ಒಂದು ಮುದುಕಿ ನನ್ನ ಕತೆಗೆ ಹೆದರಿ ಕಾಲು ಕಳೆದುಕೊಂಡರೆ ಆ ಗೆರೆಯನ್ನು ಯಾವ ಪಟ್ಟಿಗೆ ಎಳೆಯಲಿ?

ಮರು ಶನಿವಾರ ಊರಿಗೆ ಹೋದವಳು ಸಂಜೆಯೇ ತಿರುಗಿ ಬಂದೆ. ಬರುವಾಗ ಅವ್ವನಿಂದ ಹನ್ನೆರಡು ಲಿಂಬೆಹಣ್ಣು ಕೇಳಿ ತಂದೆ. ನನ್ನ ಯೋಚನೆ ಇಷ್ಟು: ಆಯಿಯ ಮುಂದೆ ಬರಿಗೈಯಲ್ಲಿ ಲಿಂಬೆ ಹಿಡಿದು ತೋರಿಸಿದರೆ, ಬರೆದವಳು ದೆವ್ವ ಅಲ್ಲ ಅಂತ ನಂಬಿಕೆ ಬರುತ್ತದೆ. ಭಾನುವಾರ ಮೊದಲ ಬಸ್ಸಿಗೆ ಹೊರಟೆ. ಒಂದು ಕೈಯಲ್ಲಿ ಐಸ್ ಹಾಕಿದ ಸ್ಯಾಂಪಲ್ ಡಬ್ಬಿ, ಇನ್ನೊಂದರಲ್ಲಿ ಲಿಂಬೆಯ ಚೀಲ. ಏಳೂ ನಲವತ್ತಕ್ಕೆ ಕನ್ನೊಳ್ಳಿ.

ಆಯಿ ಮನೆಯ ಕಟ್ಟೆಯ ಮೇಲೆ ಕೌದಿ ಹರವಿಕೊಂಡು ಕುಳಿತಿದ್ದರು. ಹಳೆಯ ಇಳಕಲ್ ಸೀರೆ, ಮಗನ ಧೋತರ, ಮೊಮ್ಮಗಳ ಸಾಲಿ ಯೂನಿಫಾರಂ, ಎಲ್ಲದರ ತುಂಡುಗಳನ್ನು ಜೋಡಿಸಿ ಇರುವೆ ಸಾಲಿನ ಹಾಗೆ ದಾರ ಓಡಿಸಿದ್ದರು. ಮೂರು ಮೂಲೆ ಮುಗಿದಿತ್ತು, ನಾಲ್ಕನೆಯದು ಇನ್ನೂ ತೆರೆದಿತ್ತು.

"ಬಂದ್ಯಾ? ಬಾ, ಕುಂಡ್ರು," ಅಂದರು. "ಕೈ ಮಾತ್ರ ಕೇಳಬ್ಯಾಡ."

ನಾನು ಲಿಂಬೆಹಣ್ಣುಗಳನ್ನು ಒಂದೊಂದಾಗಿ ತೆಗೆದು ಕೌದಿಯ ಮೇಲೆ ಸಾಲಾಗಿ ಇಟ್ಟೆ. "ನೋಡ್ರಿ ಆಯಿ, ಹನ್ನೆರಡ ಅದಾವ. ಬರಿಗೈಲೆ ಹಿಡದೇನಿ. ನನಗ ಏನೂ ಆಗಿಲ್ಲ."

"ಏನ್ ಆಗಬೇಕಿತ್ತು ನಿನಗ?"

"ಪುಸ್ತಕ ಓದಿಸಿಕೊಂಡ ಅಂಜೀರಿ ಅಂತ..."

ಆಯಿ ಸೂಜಿ ಕೆಳಗಿಟ್ಟು ಬಾಯಿ ತುಂಬ ನಕ್ಕರು. ಒಳಗಿಂದ ಮೊಮ್ಮಗಳೂ ಹೊರಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ಎಪ್ಪತ್ತೆರಡ ವರ್ಷದ ಮುದುಕಿ ನಾನು. ದೆವ್ವಿಗಿ ಅಂಜೂ ವಯಸ್ಸೇನ ಇದು? ಇನ್ನ ದೆವ್ವ ನನಗ ಅಂಜಬೇಕು."

"ಮತ್ತ ಯಾಕ ಬರಲಿಲ್ರಿ? ಲಿಂಬಿ ತ್ವಾಟದ ತಪ್ಪಿಗೇನ್ರಿ?"

"ಲಿಂಬಿದೇನ ತಪ್ಪೈತಿ ಅದರಾಗ? ಹೊಟ್ಟಿ ಹಸದಾಂವ ಲಿಂಬಿಗಿ ಅಂಜತಾನೇನ? ಬೆಂಕ್ಯಾಗ ಬೇಕಾದ್ರೂ ಹೊಕ್ಕಾನು." ಈಗ ಆಯಿಯ ದನಿ ಬಿಗಿಯಾಯಿತು. "ನನ್ನ ಸಿಟ್ಟ ಅದಲ್ಲ. ಮುನ್ನೂರ ವರ್ಷ ಅಂತಿ. ಮೊದಲನೇ ಹಾಳಿಯಿಂದ ಕಡೀ ಹಾಳಿತನಕ ಹಸದಾನ ಆ ಹುಡುಗ. ಒಂದ ತುತ್ತ ಇಟ್ಟಿಯೇನ ಅವನ ಬಾಯಾಗ? ಆ ಟೀಚರ್ ಬಾಯಿ ದಿನಾ ಬುತ್ತಿ ಕಟಗೊಂಡ ಹೋಗ್ತಾಳ. ಒಂದ ದಿನಾರ ಉಣ್ಣತೀ ಏನಪಾ ಅಂತ ಕೇಳ್ಯಾಳೇನ?"

"ಬುತ್ತಿ ಎಂಟ ಸಲ ಬರ್ತೈತಿ ಅಕ್ಕಾ," ಅಂದಳು ಮೊಮ್ಮಗಳು. "ನಾ ಎಣಿಸೇನಿ."

ಕುತ್ತಿಗೆ ಹದಿನೇಳು ಸಲ ಅಂತ ನಾನು ಎಣಿಸಿದ್ದೆ. ಬುತ್ತಿಯನ್ನು ಎಣಿಸಿರಲಿಲ್ಲ.

"ಅಂವಾ ರೊಟ್ಟಿ ಉಣ್ಣಾಂವ ಅಲ್ರಿ ಆಯಿ," ಅಂದೆ. "ಅವನ ಜಾತಿನ ಹಂಗ. ರಗತ ಬಿಟ್ಟ ಬ್ಯಾರೆ ಏನೂ..."

"ಬರದಾಕಿ ಯಾರು?"

"ನಾನ ರೀ."

"ಮತ್ತ? ಒಲ್ಲೆ ಅನ್ನಾಕ ಅಂವ ಯಾರು?"

ಆಯಿ ಕೌದಿಯ ತೆರೆದ ಮೂಲೆಯನ್ನು ಎತ್ತಿ ನನ್ನ ಮುಂದೆ ಹಿಡಿದರು. ಅದರ ಪದ್ಧತಿ ನನಗೆ ಗೊತ್ತಿತ್ತು. ನಮ್ಮ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದಳು. ಕೊನೆಯ ಮೂಲೆಯನ್ನು ಹೊಲಿದು ಮುಚ್ಚುವ ಮೊದಲು ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಡಬೇಕು. ಇಡದಿದ್ದರೆ ಕೌದಿ ಹಸಿದಿರುತ್ತದೆ. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತಗೊಡುವುದಿಲ್ಲ.

"ಅರಿವಿ ತುಂಡಿಗೂ ತುತ್ತ ಇಟ್ಟ ಕಳಸ್ತೀವಿ ನಾವು. ನೀ ಅವನ್ನ ಹಸದಾಂವನ್ನ ಮಂದಿ ಮನಿಗಿ ಕಳಿಸೀದಿ. ಎಷ್ಟ ಮನಿಗಿ ಕೊಟ್ಟಿ?"

"ಇಪ್ಪತ್ತೈದು."

"ನೋಡು! ನನಗ ತಿಂಗಳಾ ತಿಂಗಳಾ ಖಾಲಿ ಹೊಟ್ಟಿಲೆ ಬಾ ಅಂತಿ, ಬರ್ತೇನಿ. ಯಾಕ ಬರ್ತೇನಿ? ರಗತ ತಗೊಂಡ ಕೂಡಲೆ ನೀನ ಅಂತಿ, ಹೋಗ್ರಿ ಆಯಿ, ಉಂಡ ಬರ್ರಿ ಅಂತ. ಅವಗ ಅಂದಿಯೇನ ಹಂಗ? ಉಣಸೂದ ಮರತ ಕೈಗಿ ನಾ ಹೆಂಗ ತೋಳ ಕೊಡ್ಲಿ?"

ಸಂಯಮವೇ ಅವನ ಪ್ರೀತಿ ಅಂತ ಬಾಗೇವಾಡಿಯಲ್ಲಿ ಇಪ್ಪತ್ತು ನಿಮಿಷ ಮಾತಾಡಿದ್ದೆ. ಅದರಲ್ಲಿ ಒಂದು ನಿಮಿಷದ್ದನ್ನೂ ಇಲ್ಲಿ ಹೇಳುವ ಧೈರ್ಯ ಆಗಲಿಲ್ಲ. ಮೊಮ್ಮಗಳು ಹೇಳದೆಯೇ ಒಳಗೆ ಹೋಗಿ ಪುಸ್ತಕ ತಂದು ಕೊನೆಯ ಪುಟ ತೆರೆದು ಕೊಟ್ಟಳು. ನನ್ನ ಕತೆ ಅಲ್ಲಿ ಮುಗಿಯುವುದು ಹೀಗೆ: ಹುಡೇವಿನ ಮೇಲೆ ಇಬ್ಬರೂ ಕೂತು ಮೂಡಣ ಬೆಳಗಾಗುವುದನ್ನು ನೋಡುತ್ತಾರೆ. ಬಿಸಿಲು ಬೀಳುವ ಮೊದಲು ಅವನು ನೆರಳಿಗೆ ಸರಿಯುತ್ತಾನೆ, ಅವಳ ಕೈ ಬಿಡದೆ. ಕೆಳಗೆ ನಾಲ್ಕು ಬೆರಳಷ್ಟು ಖಾಲಿ ಜಾಗ.

"ಬರಿ," ಅಂದರು ಆಯಿ. "ಮುಂಜಾನಿಯಿಂದ ನಾನೂ ಏನೂ ತಿಂದಿಲ್ಲ. ಅಂವ ಉಂಡ ಮ್ಯಾಲೆ ನಿನ್ನ ಸೂಜಿ. ಸೂಜಿ ಆದ ಮ್ಯಾಲೆ ನನ್ನ ರೊಟ್ಟಿ."

ಶುಗರಿನವರು ಬಹಳ ಹೊತ್ತು ಹಸಿದಿರಬಾರದು. ನಾನು ಗಡಿಯಾರ ನೋಡಿದೆ, ಎಂಟೂ ಐದು. ಪ್ರಕಾಶಕರು ಎಂದೂ ನನಗೆ ಇಂಥ ಅವಧಿ ಹಾಕಿರಲಿಲ್ಲ. ಬುತ್ತಿಯಲ್ಲಿ ರೊಟ್ಟಿಗೆ ಯಾವ ಹಿಂಡಿ, ಅಂದರೆ ಚಟ್ನಿಪುಡಿ, ಅಂತ ಮೊದಲು ತೀರ್ಮಾನವಾಗಬೇಕಾಯಿತು.

"ಶೇಂಗಾ ಹಿಂಡಿ ರೊಟ್ಟಿ ಹಾಕು," ಅಂದರು ಆಯಿ.

"ಹಿಂಡ್ಯಾಗ ಬಳ್ಳೊಳ್ಳಿ ಇರ್ತೈತ್ರಿ. ಅವಗ ಆಗೂದಿಲ್ಲ."

"ಗುರೆಳ್ಳ ಹಿಂಡಿ?"

"ಅದರಾಗೂ ಬಳ್ಳೊಳ್ಳಿ."

"ಏನ್ ನಾಜೂಕ ಹುಡುಗ್ನ ಹಿಡದೀಯವ್ವಾ! ಮಸರು ಹಾಕು ಹಂಗಾರ. ಮಸರಿಗೇನ ಆಗ್ತೈತಿ?"

ಮೊಸರಿಗೆ ಏನೂ ಆಗುವುದಿಲ್ಲ. ಒಂದು ಸಾಲು ಬರೆದು ಹೊಡೆದು ಹಾಕಿದೆ, ಅದರಲ್ಲಿ ಅವನು ಕಣ್ಣೀರು ಹಾಕುತ್ತಿದ್ದ. ಇನ್ನೊಂದನ್ನೂ ಹೊಡೆದು ಹಾಕಿದೆ, ಅದರಲ್ಲಿ ಅವಳು. ಆಯಿ ಲಿಂಬೆಹಣ್ಣುಗಳನ್ನು ಸೆರಗಿನಿಂದ ಒರೆಸಿ ಬುಟ್ಟಿಗೆ ಹಾಕುತ್ತ, ಉಪ್ಪಿನಕಾಯಿಗೆ ಛಲೋ ಅದಾವ ಅಂದರು. ಎಂಟೂ ಮೂವತ್ತೊಂದಕ್ಕೆ ಮೊಮ್ಮಗಳು ಮೂರನೆಯದನ್ನು ಗಟ್ಟಿಯಾಗಿ ಓದಿದಳು:

"ಅವಳು ಬುತ್ತಿ ಬಿಚ್ಚಿ ಮುಂದೆ ಚಾಚಿದಳು. ಮುನ್ನೂರು ವರ್ಷಗಳ ಮೇಲೆ ಅವನು ರೊಟ್ಟಿಯ ಒಂದು ತುತ್ತು ಮುರಿದು, ಮೊಸರಿನಲ್ಲಿ ಅದ್ದಿ ಬಾಯಿಗಿಟ್ಟ. ನಿಧಾನಕ್ಕೆ ಅಗಿದು, ಉಪ್ಪು ಕಡಿಮೆ ಎಂದ."

ಆಯಿ ಭುಜ ಅಲ್ಲಾಡುವಂತೆ ನಕ್ಕರು. "ಉಪ್ಪ ಕಡಿಮಿ ಅಂದನೇನ? ಈಗ ನೋಡು, ಖರೇನ ಗಂಡಸಾದ!"

ನಗುತ್ತಲೇ ಕುಪ್ಪಸದ ತೋಳು ಮೇಲೇರಿಸಿ ಬಲಗೈ ಚಾಚಿದರು. ಬೆಳಿಗ್ಗೆಯಿಂದ ನಾನೂ ಏನೂ ತಿಂದಿರಲಿಲ್ಲ. ದಾರದಂಥ ಆ ನರ ಮೊದಲ ಸಲ ಜಾರಿತು, ಎರಡನೇ ಸಲ ಸಿಕ್ಕಿತು. ಎಂಬತ್ಮೂರನೆಯದು ಎರಡು ಏಟಿಗೆ. ಸ್ವಚ್ಛವಾಗಿದ್ದ ಪಟ್ಟಿ ಅಲ್ಲಿಗೆ ಕೆಟ್ಟಿತು. ಆಯಿ ಹತ್ತಿ ಒತ್ತಿ ಹಿಡಿದುಕೊಂಡು, "ಏಳ, ಮೊದಲ ನೀ ಉಣ್ಣು," ಅಂದರು.

ಉಂಡ ಮೇಲೆ ಎರಡನೇ ರಕ್ತಕ್ಕೆ ಎರಡು ತಾಸು ಕಾಯಬೇಕಿತ್ತು. ಆ ಹೊತ್ತಿನಲ್ಲಿ ಆಯಿ ನನ್ನ ತಾಟಿನಲ್ಲಿ ಉಳಿದಿದ್ದ ರೊಟ್ಟಿಯಿಂದಲೇ ಒಂದು ಚೂರು ಮುರಿದು ಕೌದಿಯ ನಾಲ್ಕನೇ ಮೂಲೆಗೆ ಇಟ್ಟು, ನನ್ನ ಕೈಗೆ ಸೂಜಿ ಕೊಟ್ಟರು. ನರ ಹುಡುಕುವ ನನ್ನ ಕೈಗೆ ಅರಿವೆ ಹೊಲಿಯಲು ಬರುವುದಿಲ್ಲ. ನಾನು ಹಾಕಿದ ಹನ್ನೊಂದು ಹೊಲಿಗೆಯಲ್ಲಿ ಒಂಬತ್ತನ್ನು ಆಯಿ ಬಿಚ್ಚಿ ಮತ್ತೆ ಹಾಕಿದರು. ಎರಡನ್ನು ಹಾಗೇ ಬಿಟ್ಟರು.

ಸೋಮವಾರ ಬಂದ ಅಂಕಿ ಚೆನ್ನಾಗಿರಲಿಲ್ಲ. ಡಾಕ್ಟರು ಗುಳಿಗೆ ಬದಲಿಸಿ, ಕಾಲಿಗೆ ಮುಲಾಮು ಬರೆದುಕೊಟ್ಟರು. ಇನ್ನೊಂದು ತಿಂಗಳು ತಡವಾಗಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಅಂತ ಮಗನಿಗೆ ಹೇಳಿದ್ದನ್ನು ಕೇಳಿಸಿಕೊಂಡೆ. ಪ್ರಕಾಶಕರಿಗೂ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದೆ. ಎರಡನೇ ಮುದ್ರಣ ಆದರೆ ನೋಡೋಣ ಅಂದರು. ನನ್ನ ಕೈಯಿಂದ ಹೋದ ಇಪ್ಪತ್ತೈದರ ಹೊಣೆ ಮಾತ್ರ ನನ್ನದೇ ಆಗಿತ್ತು. ಲಿಂಬೆಯ ಪಟ್ಟಿಯನ್ನು ಹನ್ನೊಂದಕ್ಕೆ ನಿಲ್ಲಿಸಿ, ಅದರ ಕೆಳಗೆ ಹೊಸದನ್ನು ಶುರುಮಾಡಿದೆ: ಉಂಡವರು.

ಇಂಡಿ ಕಡೆಯ ಏಳು ಪ್ರತಿಗಳಲ್ಲಿ ತನ್ನದೊಂದನ್ನು ಬಿಟ್ಟು ಉಳಿದವನ್ನು ಅವ್ವ ಎರಡು ದಿನದಲ್ಲಿ ನೆಂಟರ ಮನೆಗಳಿಂದ ವಸೂಲು ಮಾಡಿ ತಂದಳು. ನಾನು ಬರೆದೆ, ಅವಳು ತಿರುಗಿ ಹಂಚಿದಳು. ಮೊಮ್ಮಗಳದ್ದೂ ಸೇರಿ ಸಿಂದಗಿಯ ಎಂಟರಲ್ಲಿ ಏಳು ಸುಲಭವಾಗಿ ಆದವು. ಎಂಟನೆಯದು ಡಾಕ್ಟರ ಡ್ರಾವರಿನಲ್ಲಿತ್ತು, ಅವರು ಚಹಾಕ್ಕೆ ಹೋದಾಗ ಬರೆದಿಟ್ಟೆ. ಬಾಗೇವಾಡಿಯ 'ಲಿಂಬಿ' ಹುಡುಗಿಗೆ ಫೋನಿನಲ್ಲಿ ಸಾಲು ಹೇಳಿದೆ, ಅವಳೇ ಮೂರು ಪ್ರತಿಗಳಲ್ಲಿ ಬರೆದಳು. ನಾಲ್ಕನೆಯದು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗಿ ಎಲ್ಲಿದೆಯೋ ಗೊತ್ತಿಲ್ಲ. ಮುದ್ದೇಬಿಹಾಳದಲ್ಲಿ ಮಾರಾಟವಾಗದ ಮೂರು ಬಿಪಿ ಶುಗರಿನ ನಡುವೆ ಇನ್ನೂ ಇದ್ದವು, ಅಲ್ಲಿಯೇ ನಿಂತು ಬರೆದೆ. ಅಂಗಡಿಯವರು ಸಹಿ ಮಾಡುತ್ತಿದ್ದೇನೆ ಅಂದುಕೊಂಡು ಕುರ್ಚಿ ತಂದಿಟ್ಟರು.

ಮೇ ತಿಂಗಳ ಮೊದಲ ಸೋಮವಾರ, ಎಂಟೂ ಹತ್ತಕ್ಕೆ, ಆಯಿ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆರಳ ತುದಿಯ ಕೆಂಪು ಇಳಿದಿತ್ತು. ಕುರ್ಚಿಯ ಮೇಲೆ ಕೂತವರೇ ಸೆರಗಿನೊಳಗೆ ಎರಡೂ ಕೈ ಇಟ್ಟುಕೊಂಡು ಕೇಳಿದರು.

"ಎಷ್ಟ ಉಳದಾವ?"

"ಇಪ್ಪತ್ತೊಂದ ಉಂಡಾವ್ರಿ ಆಯಿ. ನಾಕ ಉಳದಾವ. ಹಾಸ್ಟೆಲಿನ್ಯಾಗ ಒಂದ, ಮುದ್ದೇಬಿಹಾಳದಾಗ ಮಾರಿ ಹ್ವಾದ ಮೂರ."

"ನಾಕ!" ಆಯಿ ಸೆರಗಿನಿಂದ ಎಡಗೈ ಹೊರಗೆ ತೆಗೆದು ಮೇಜಿನ ಮೇಲಿಟ್ಟರು. "ಇವತ್ತ ಇದರಾಗ ತಗೋ. ಬಲಗೈ ಆ ನಾಕೂ ಉಂಡ ಮ್ಯಾಲೆ."

ಎಡಗೈಯಲ್ಲಿ ನರ ಇಲ್ಲ ಅಂತ ಇಬ್ಬರಿಗೂ ಗೊತ್ತು. ನಾನು ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈಯಿಂದ ಮಣಿಕಟ್ಟಿನವರೆಗೆ ಬೆರಳಾಡಿಸಿ, ಕೊನೆಗೆ ಹೆಬ್ಬೆರಳಿನ ಬುಡದ ಹತ್ತಿರ ಒಂದು ಎಳೆಯನ್ನು ಹಿಡಿದೆ. ಆ ದಿನದ ಡೈರಿಯಲ್ಲಿ ಹೀಗಿದೆ: ಎಡಗೈ. ಮೂರು ಏಟು. ಬೈಗುಳ ನಾಲ್ಕು. ಭಾನುವಾರ ಮುದ್ದೇಬಿಹಾಳ, ಆರೂ ಹದಿನೈದರ ಬಸ್ಸು.